ಅಲಂಕಾರ ಬದಲಾದರೆ ಅಳುವುದೇಕೆ?

ಅದು 2020ರ ಡಿಸೆಂಬರ್ ತಿಂಗಳು. ಕೊರೊನಾ ಕಾರಣದಿಂದ ಫ್ಲಾರಿಡಾದ ನಮ್ಮ ಶನಿವಾರದ ಕನ್ನಡ ತರಗತಿ ಕಂಪ್ಯೂಟರಿನ ಪರದೆಯ ಮೇಲೆಯೇ ನಡೆಯುತ್ತಿತ್ತು. "ನನಗೆ ಇಷ್ಟವಾದ ಹಬ್ಬ" ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಲು ಮಕ್ಕಳಿಗೆ ಹೇಳಿದ್ದೆವು. ಗಣೇಶನ ಕಡುಬು ಬಂತು, ದೀಪಾವಳಿಯ ಎಣ್ಣೆಸ್ನಾನ ಬಂತು, ಯುಗಾದಿಯ ಬೇವುಬೆಲ್ಲವೂ ಬಂತು. ಒಬ್ಬ ಹುಡುಗಿ ಮಾತ್ರ ಒರ್ಲ್ಯಾಂಡೋದ ಮ್ಯಾಜಿಕ್ ಕಿಂಗ್‌ಡಮ್‌ನ ಸಿಂಡ್ರೆಲಾ ಕೋಟೆಯ ಬಗ್ಗೆ ಬರೆದಿದ್ದಳು. ತಾನು ಚಿಕ್ಕವಳಿದ್ದಾಗ ಕ್ರಿಸ್‌ಮಸ್ ಬಂತೆಂದರೆ ಆ ಕೋಟೆಯ ತುಂಬ ಮಂಜಿನ ಹನಿಗಳಂತೆ ಬಿಳಿ ದೀಪಗಳು ಹೊಳೆಯುತ್ತಿದ್ದವು, ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದೆ ಎಂದು ಬರೆದಿದ್ದಳು. ಕೊನೆಯ ಮೂರು ವಾಕ್ಯ ಹೀಗಿತ್ತು: "ಈ ವರ್ಷ ಆ ದೀಪ ಇಲ್ಲ. ಗೋಡೆಯ ಮೇಲೆ ಬಣ್ಣದ ಚಿತ್ರ ಬಿಡುತ್ತಾರೆ. ನನಗೆ ಅಳು ಬಂತು."

ಅವಳು ಓದಿ ಮುಗಿಸಿದ್ದೇ ತಡ, ಪರದೆಯ ಇನ್ನೊಂದು ಚೌಕದಿಂದ ಹುಡುಗನೊಬ್ಬ ಕೂಗಿದ: "ಟೀಚರ್, ಚಿತ್ರವೇ ಚೆನ್ನಾಗಿದೆ! ಒಂದೇ ಥರ ಇರಲ್ಲ, ಬದಲಾಗ್ತಾ ಇರುತ್ತೆ!" ತರಗತಿ ಎರಡು ಪಕ್ಷವಾಯಿತು. ವ್ಯಾಕರಣ ಕಲಿಸುವಾಗ ಬಾಯಿ ಬಿಡದ ಮಕ್ಕಳೂ ಆ ದಿನ ಕನ್ನಡದಲ್ಲಿ ವಾದ ಮಾಡಿದರು. ಆ ಸಂತೋಷಕ್ಕೇ ನಾವು ಗಂಟೆ ಮುಗಿಯುವವರೆಗೂ ತಡೆಯಲಿಲ್ಲ.

ಮುಂದೆ ಪೋಷಕರ ಸಭೆಯಲ್ಲಿ ಈ ವಿಷಯ ಹೇಳಿದಾಗ ತಂದೆಯೊಬ್ಬರು ನಕ್ಕುಬಿಟ್ಟರು. "ಬಲ್ಬಿಗೆಲ್ಲ ಅಳ್ತಾರಾ ಮೇಡಂ? ಇಲ್ಲಿನ ಮಕ್ಕಳಿಗೆ ಕಷ್ಟ ಗೊತ್ತಿಲ್ಲ ನೋಡಿ" ಎಂದರು. ನಾವೂ ನಕ್ಕೆವು. ಸಭೆ ಮುಗಿದ ಮೇಲೆ ಅದೂ ಇದೂ ಮಾತಿಗೆ ಮೈಸೂರು ದಸರಾ ಬಂತು. ಅವರೇ ಹೇಳಿದರು: "ಅರಮನೆಗೂ ಎಲ್‌ಇಡಿ ಹಾಕಬೇಕು ಅನ್ನೋರು ಇದ್ದಾರಂತೆ. ಆ ಹಳದಿ ಬೆಳಕು ಹೋದರೆ ಅದು ನಮ್ಮ ಅರಮನೆಯಾ?" ಅವರ ಧ್ವನಿಯಲ್ಲಿದ್ದ ನೋವು ಆ ಹುಡುಗಿಯ ಪ್ರಬಂಧದಲ್ಲಿದ್ದ ನೋವೇ. ಇದು ಅವರಿಗೆ ಹೊಳೆಯಲಿಲ್ಲ. ನಮಗೂ ಮನೆಗೆ ಬಂದ ಮೇಲೆ ಹೊಳೆಯಿತು.

ಇಂದು ಈ ವಿಷಯವನ್ನು ಎತ್ತಿಕೊಂಡಿರುವುದು ಅದಕ್ಕಾಗಿಯೇ. ಥೀಮ್ ಪಾರ್ಕಿನ ಅಲಂಕಾರ ಬದಲಾದಾಗ ಅಭಿಮಾನಿಗಳು ಸಂತೋಷಪಡುವುದೂ ಸಿಡುಕುವುದೂ ಮೇಲ್ನೋಟಕ್ಕೆ ಹುಡುಗಾಟಿಕೆಯಂತೆ ಕಾಣುತ್ತದೆ. ಆದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಊರ ತೇರು, ಜಾತ್ರೆ, ಸಂತೆ ಎಲ್ಲವೂ ಬಹುಮಟ್ಟಿಗೆ ಇದೇ. ನಮಗೆ ಬನಶಂಕರಿ ಜಾತ್ರೆ ಹೇಗೋ ಅವರಿಗೆ ಈ ಕೋಟೆ ಹಾಗೆ.

ಮೊದಲು ಆ ಕೋಟೆಯ ದೀಪಗಳ ವಿಚಾರ ನೋಡೋಣ. 2007ರಿಂದ 2019ರವರೆಗೆ ಸಿಂಡ್ರೆಲಾ ಕೋಟೆಗೆ ಚಳಿಗಾಲದಲ್ಲಿ ಎರಡು ಲಕ್ಷದಷ್ಟು ಬಿಳಿ ದೀಪಗಳನ್ನು ಬಲೆಬಲೆಯಾಗಿ ಹೊದಿಸುತ್ತಿದ್ದರು. ಅದನ್ನು ಏರಿಸಲು ದೊಡ್ಡ ಕ್ರೇನ್ ಬೇಕು, ವಾರಗಟ್ಟಲೆ ರಾತ್ರಿ ಕೆಲಸ ಬೇಕು. 2020ರಲ್ಲಿ ಅದರ ಬದಲು ಪ್ರೊಜೆಕ್ಟರಿನಿಂದ ಬಣ್ಣದ ಚಿತ್ರಗಳನ್ನು ಕೋಟೆಯ ಮೇಲೆ ಬಿಟ್ಟರು. ಹೊಸದನ್ನು ಮೆಚ್ಚಿದವರ ಮಾತಿನಲ್ಲೂ ನ್ಯಾಯವಿದೆ. ಹಗಲಿನಲ್ಲಿ ಬಲೆ ಇಲ್ಲದ ಕೋಟೆ ಕಣ್ಣಿಗೆ ಚೊಕ್ಕಟ, ರಾತ್ರಿ ಒಂದರ ಹಿಂದೆ ಒಂದು ನೋಟ. ಹಳೆಯದನ್ನು ಬಯಸಿದವರ ಮಾತೂ ಸುಳ್ಳಲ್ಲ. ದೀಪ ಎಂಬುದು ಅಲ್ಲಿಯೇ ಇರುವ ವಸ್ತು. ಚಿತ್ರವೋ ಬೇರೆಲ್ಲಿಂದಲೋ ಬಂದು ಬಿದ್ದ ನೆರಳು. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹತ್ತಿಕೊಂಡಾಗ ಜನರ ಬಾಯಿಂದ "ಓ" ಎಂಬ ಉದ್ಗಾರ ಬರುವುದನ್ನು ಕೇಳಿದವರಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಪರರು ಲಕ್ಷಗಟ್ಟಲೆ ಇದ್ದಾಗ ಯಾರ ಇಚ್ಛೆಯಂತೆ ಅಲಂಕರಿಸುವುದು?

ಒರ್ಲ್ಯಾಂಡೋದಲ್ಲಿ ಇದಕ್ಕಿಂತ ಹಳೆಯ ಕಥೆಯೊಂದಿದೆ. ಮಕ್ಕಳು ಅದನ್ನು ತಿಳಿಯಬೇಕು.

ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನಲ್ಲಿ ಜೆನ್ನಿಂಗ್ಸ್ ಆಸ್ಬೋರ್ನ್ ಎಂಬ ವ್ಯಾಪಾರಿ ಇದ್ದರು. 1986ರಲ್ಲಿ ಅವರ ಪುಟ್ಟ ಮಗಳು, ಮನೆಗೆ ಕ್ರಿಸ್‌ಮಸ್ ದೀಪ ಹಾಕೋಣ ಎಂದು ಕೇಳಿದಳು. ತಂದೆ ಹಾಕಿದರು. ಮರುವರ್ಷ ಇನ್ನಷ್ಟು, ಅದರ ಮರುವರ್ಷ ಮತ್ತಷ್ಟು. ಕೊನೆಗೆ ದೀಪಗಳ ಸಂಖ್ಯೆ ಲಕ್ಷಗಳನ್ನು ದಾಟಿತು, ಪಕ್ಕದ ಮನೆಗಳನ್ನೂ ಕೊಂಡು ಅವುಗಳಿಗೂ ದೀಪ ಹಾಕಿದರು. ನೋಡಲು ಬರುವವರ ಕಾರುಗಳಿಂದ ಬೀದಿ ಕಟ್ಟಿಹೋಯಿತು. ನೆರೆಯವರು ಕೋರ್ಟಿಗೆ ಹೋದರು, ವ್ಯಾಜ್ಯ ಅರ್ಕನ್ಸಾದ ಸುಪ್ರೀಂ ಕೋರ್ಟಿನವರೆಗೆ ಏರಿತು, ಆಸ್ಬೋರ್ನ್ ಸೋತರು. ಆಗ ಡಿಸ್ನಿಯವರು ಆ ದೀಪಗಳನ್ನು ಕರೆಸಿಕೊಂಡು 1995ರಲ್ಲಿ ಒರ್ಲ್ಯಾಂಡೋದ ತಮ್ಮ ಸ್ಟುಡಿಯೋ ಪಾರ್ಕಿನ ಬೀದಿಯೊಂದರಲ್ಲಿ ಹಾಕಿದರು. ಒಂದು ಊರಿಗೆ ಬೇಡವಾದದ್ದು ಇನ್ನೊಂದು ಊರಿನ ಹಬ್ಬವಾಯಿತು. ಮುಂದೆ ದೀಪಗಳು ಸಂಗೀತಕ್ಕೆ ತಕ್ಕಂತೆ ಕುಣಿಯತೊಡಗಿದವು. ಸಾಮಾನಿನ ಜೊತೆ ಹ್ಯಾಲೋವೀನ್ ಹಬ್ಬದ ಬೆಕ್ಕಿನ ದೀಪವೊಂದು ತಪ್ಪಿ ಬಂದಿತ್ತಂತೆ. ಅದನ್ನು ಬಿಸಾಡದೆ ವರ್ಷಕ್ಕೊಂದು ಜಾಗದಲ್ಲಿ ಅಡಗಿಸಿಡುತ್ತಿದ್ದರು. ಲಕ್ಷಾಂತರ ದೀಪಗಳ ನಡುವೆ ಆ ಬೆಕ್ಕನ್ನು ಹುಡುಕುವುದೇ ಅನೇಕ ಕುಟುಂಬಗಳ ವಾಡಿಕೆಯಾಯಿತು.

2016ರ ಜನವರಿಯಲ್ಲಿ ಆ ದೀಪಗಳು ಕೊನೆಯ ಬಾರಿ ಉರಿದವು. ಆ ಬೀದಿಯನ್ನು ಕೆಡವಿ 2018ರಲ್ಲಿ ಟಾಯ್ ಸ್ಟೋರಿ ಲ್ಯಾಂಡ್, 2019ರಲ್ಲಿ ಸ್ಟಾರ್ ವಾರ್ಸ್ ಲೋಕ ಬಂದವು. ಅವನ್ನು ಬೇಡವೆನ್ನುವ ಮಗು ನಮ್ಮ ಶಾಲೆಯಲ್ಲಿ ಒಂದೂ ಇಲ್ಲ. ಹಾಗಿದ್ದೂ ಅಂದು ದೊಡ್ಡವರು ಕಣ್ಣೊರೆಸಿಕೊಂಡರು. ಪಾರ್ಕಿನವರಿಗೆ ಬೇರೆ ದೀಪ ಕೊಳ್ಳುವುದು ಕಷ್ಟವಲ್ಲ. ಆದರೆ ಒಬ್ಬ ಅಪ್ಪ ಮಗಳಿಗಾಗಿ ಹಚ್ಚಿದ ದೀಪ ಅಂಗಡಿಯಲ್ಲಿ ಸಿಗುವುದಿಲ್ಲ. ಜನ ಅತ್ತದ್ದು ಅದಕ್ಕೆ ಎಂದು ನಾವು ತಿಳಿಯುತ್ತೇವೆ.

ಅಲಂಕಾರದ ಬಗ್ಗೆ ಅಭಿಮಾನಿಗಳ ಇನ್ನೊಂದು ದೂರು ಕಾಲದ್ದು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಹ್ಯಾಲೋವೀನ್ ಸಂತೋಷಕೂಟ 1995ರಲ್ಲಿ ಶುರುವಾದಾಗ ಅದು ಅಕ್ಟೋಬರ್ 31ರ ಒಂದೇ ರಾತ್ರಿ. ಇತ್ತೀಚಿನ ವರ್ಷಗಳಲ್ಲಿ ಅದು ಆಗಸ್ಟಿನಲ್ಲೇ ಆರಂಭವಾಗುತ್ತಿದೆ. ಆಗಸ್ಟ್ ಎಂದರೆ ನಮ್ಮ ಫ್ಲಾರಿಡಾದಲ್ಲಿ ಕಾರಿನ ಸೀಟು ಮುಟ್ಟಿದರೆ ಕೈ ಸುಡುವ ಕಾಲ. ಆ ಬಿಸಿಲಿನಲ್ಲಿ ಕುಂಬಳಕಾಯಿ, ಒಣಗಿದ ಎಲೆಯ ಮಾಲೆ! ಅದು ಮುಗಿದ ಕೆಲವೇ ದಿನಕ್ಕೆ ತಾಳೆಮರಗಳ ಊರಿನಲ್ಲಿ ಸೋಪಿನ ನೊರೆಯ ಹಿಮ ಬೀಳುತ್ತದೆ. ನಮಗೆ ನಗು ಬರುತ್ತದೆ, ಆದರೆ ಮಕ್ಕಳು ಕೈಚಾಚಿ ಆ ನೊರೆ ಹಿಡಿಯುವಾಗ ನಾವೂ ಕೈಚಾಚಿದ್ದೇವೆ ಎಂಬುದನ್ನು ಮುಚ್ಚಿಡುವುದಿಲ್ಲ. ಸುಳ್ಳು ಹಿಮದ ಬಗ್ಗೆ ನಮ್ಮ ತಕರಾರಿಲ್ಲ. ಹಬ್ಬಕ್ಕೆ ಕಾಯುವ ಸುಖ ಕಡಿಮೆಯಾಯಿತಲ್ಲ ಎಂಬುದೇ ತಕರಾರು. ಹೋಳಿಗೆ ದಿನವೂ ಮಾಡಿದರೆ ಯುಗಾದಿಯ ದಿನ ಏನು ಮಾಡುವುದು? ಅತಿಯಾದರೆ ಅಮೃತವೂ ವಿಷ.

ಹಾಗೆಂದು ವ್ಯಾಪಾರವನ್ನಷ್ಟೇ ಬೈದು ಸುಮ್ಮನಾಗುವುದೂ ಸರಿಯಲ್ಲ. ಒಂದೇ ರಾತ್ರಿಗೆ ಎಲ್ಲರೂ ಬರಲಾಗುವುದಿಲ್ಲ. ರಜೆ ಸಿಕ್ಕಾಗ ಬರುವ ಕುಟುಂಬ, ದೂರದ ದೇಶದಿಂದ ಒಮ್ಮೆ ಮಾತ್ರ ಬರುವ ಅಜ್ಜ-ಅಜ್ಜಿ, ಇವರಿಗೂ ಹಬ್ಬ ಬೇಕಲ್ಲ? ಕಾಲ ಹಿಗ್ಗಿದ್ದರಿಂದ ನೋಡುವವರ ಸಂಖ್ಯೆಯೂ ಹಿಗ್ಗಿದೆ.

ಈ ಒಮ್ಮೆ ಬರುವವರ ವಿಷಯ ಬಹಳ ಮುಖ್ಯ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್ ಎಂಬ ದೆವ್ವದ ಮನೆ ಇದೆ. 2001ರಿಂದ ಅದಕ್ಕೆ ಪ್ರತಿವರ್ಷ ಹಬ್ಬದ ವೇಷ ಹಾಕುತ್ತಾರೆ. 1993ರ ಒಂದು ಚಲನಚಿತ್ರದ ಪಾತ್ರಗಳು ಬಂದು ಮನೆಯ ಒಳಗೂ ಹೊರಗೂ ತುಂಬಿಕೊಳ್ಳುತ್ತವೆ. ಒಳಗಿನ ಔತಣದ ಮೇಜಿನ ಮೇಲೆ ಶುಂಠಿ ಬಿಸ್ಕತ್ತಿನ ಮನೆಯೊಂದನ್ನು ಪ್ರತಿ ವರ್ಷ ಹೊಸ ರೂಪದಲ್ಲಿ ಕಟ್ಟುತ್ತಾರೆ. ಊರಿನಲ್ಲೇ ಇದ್ದು ವರ್ಷದ ಪಾಸ್ ಇಟ್ಟುಕೊಂಡವರಿಗೆ ಇದು ಪರಮಾನಂದ. ಆದರೆ ಈ ವೇಷ ಸುಮಾರು ಸೆಪ್ಟೆಂಬರಿನಿಂದ ಜನವರಿಯ ಆರಂಭದವರೆಗೆ ಇರುತ್ತದೆ. ವರ್ಷದ ಮೂರನೆಯ ಒಂದು ಭಾಗ! ಆ ತಿಂಗಳುಗಳಲ್ಲಿ ಜೀವಮಾನಕ್ಕೊಮ್ಮೆ ಬಂದವನು ಮೂಲದ ಮನೆಯನ್ನು ನೋಡದೆಯೇ ಹಿಂದಿರುಗಬೇಕು. ನಮ್ಮ ಫ್ಲಾರಿಡಾದ ದೆವ್ವದ ಮನೆಗೆ ಇಂಥ ಪೂರ್ತಿ ವೇಷ ಈವರೆಗೆ ಹಾಕಿಲ್ಲ. ಇಲ್ಲಿಗೆ ದೂರದಿಂದ ಬರುವವರೇ ಹೆಚ್ಚು. ಇಲ್ಲಿಯೂ ಹಾಕಿ ಎಂದು ಕೇಳುವವರಿದ್ದಾರೆ, ಖಂಡಿತ ಬೇಡ ಎನ್ನುವವರೂ ಇದ್ದಾರೆ.

ನಮ್ಮ ದೇವಸ್ಥಾನಗಳಲ್ಲಿ ಇದಕ್ಕೊಂದು ಜಾಣತನದ ದಾರಿ ಕಂಡುಕೊಂಡಿದ್ದಾರೆ. ಒಂದು ದಿನ ಬೆಣ್ಣೆ ಅಲಂಕಾರ, ಒಂದು ದಿನ ಗಂಧದ ಅಲಂಕಾರ, ನವರಾತ್ರಿಯಲ್ಲಿ ದಿನಕ್ಕೊಂದು ರೂಪ. ಮರುದಿನ ಅಭಿಷೇಕವಾಗುವಾಗ ಮೂಲ ಮೂರ್ತಿ ಮತ್ತೆ ಕಾಣುತ್ತದೆ. ಅಲಂಕಾರ ಎಷ್ಟೇ ದೊಡ್ಡದಾದರೂ ಅದು ತೆಗೆಯುವುದಕ್ಕೇ ಹಾಕಿದ್ದು ಎಂಬ ಎಚ್ಚರ ಅಲ್ಲಿದೆ.

ಎಲ್ಲ ಬದಲಾವಣೆಯೂ ಮೂಲವನ್ನು ಮುಚ್ಚುತ್ತದೆ ಎಂದಲ್ಲ. ಡಿಸ್ನಿಲ್ಯಾಂಡಿನಲ್ಲಿ ದೋಣಿಯಲ್ಲಿ ಕುಳಿತು ದೇಶದೇಶದ ಬೊಂಬೆಗಳನ್ನು ನೋಡುವ "ಇಟ್ಸ್ ಎ ಸ್ಮಾಲ್ ವರ್ಲ್ಡ್" ನಮ್ಮ ಪುಟಾಣಿಗಳಿಗೆಲ್ಲ ಗೊತ್ತು. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ ಯೂನಿಸೆಫ್ ಹೆಸರಿನಲ್ಲಿ ಮಾಡಿದ್ದು ಅದು. 1966ರಲ್ಲಿ ಡಿಸ್ನಿಲ್ಯಾಂಡಿಗೆ ಬಂತು. 1997ರಿಂದ ಅಲ್ಲಿ ಹಬ್ಬದ ಕಾಲಕ್ಕೆ ಬೊಂಬೆಗಳ ಹಾಡಿನ ಜೊತೆ ಕ್ರಿಸ್‌ಮಸ್ ಹಾಡು ಸೇರಿಸುತ್ತಾರೆ. 2009ರಲ್ಲಿ ಬೊಂಬೆಗಳ ನಡುವೆ ಡಿಸ್ನಿ ಸಿನಿಮಾ ಪಾತ್ರಗಳನ್ನು ಇಡಲು ಹೊರಟಾಗ ಅಭಿಮಾನಿಗಳು ಸಿಟ್ಟಾದರು. ಆ ಬೊಂಬೆಲೋಕದ ರೂಪ ಕೊಟ್ಟ ಕಲಾವಿದೆ ಮೇರಿ ಬ್ಲೇರ್ ಅವರ ಮನೆಯವರೂ ವಿರೋಧಿಸಿದರು. 2022ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಬೊಂಬೆಗಳನ್ನು ಸೇರಿಸಿದಾಗಲಾದರೋ ಬಹಳ ಮಂದಿ ಮನಸಾರೆ ಮೆಚ್ಚಿದರು. ಎರಡೂ ಹೊಸದೇ. ಮೊದಲನೆಯದು ಮಾರಾಟದ ಸರಕನ್ನು ನೆನಪಿಸಿತು. ಎರಡನೆಯದು, ಲೋಕದ ಮಕ್ಕಳೆಲ್ಲ ಒಂದು ಎಂಬ ಮೂಲದ ಮಾತನ್ನೇ ಇನ್ನಷ್ಟು ನಿಜ ಮಾಡಿತು.

ಭಾರತೀಯರಾದ ನಮ್ಮ ಮಿಶ್ರ ಭಾವನೆಯನ್ನೂ ಇಲ್ಲಿ ಹೇಳಬೇಕು. ಡಿಸ್ನಿಲ್ಯಾಂಡಿನ ಪಕ್ಕದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನಲ್ಲಿ 2016ರಿಂದ ನಡೆಯುತ್ತಿರುವ ಹಬ್ಬಗಳ ಮೇಳದಲ್ಲಿ ಕ್ರಿಸ್‌ಮಸ್, ಹನುಕ್ಕಾ, ಕ್ವಾನ್ಜಾಗಳ ಜೊತೆ ದೀಪಾವಳಿಗೂ ಜಾಗವಿದೆ. ಮೊದಲ ಬಾರಿ ಇದನ್ನು ಕೇಳಿದಾಗ ನಮ್ಮ ಎದೆ ಉಬ್ಬಿತು. ಆಮೇಲೆ, ನಮ್ಮ ದೀಪಾವಳಿ ಎಂದರೆ ಸಿನಿಮಾ ಹಾಡಿನ ಕುಣಿತ, ಒಂದು ತಟ್ಟೆ ತಿಂಡಿ, ಇಷ್ಟೇ ಎಂದು ತಿಳಿದಾರೇ ಎಂಬ ಅಳುಕೂ ಬಂತು. ನೀರು ತುಂಬುವ ಹಬ್ಬ ಎಲ್ಲಿ, ಬಲಿಪಾಡ್ಯಮಿ ಎಲ್ಲಿ? ಆದರೆ ನಿಜ ಹೇಳಬೇಕೆಂದರೆ ಅದನ್ನು ಹೇಳಿಕೊಡುವ ಕೆಲಸ ಪಾರ್ಕಿನದಲ್ಲ. ಹೊಸ್ತಿಲು ಅವರು ತೋರಿಸಬಹುದು, ಒಳಮನೆಯನ್ನು ನಾವೇ ತೋರಿಸಬೇಕು.

ಪರರ ಅಲಂಕಾರವನ್ನು ಇಷ್ಟು ವಿಮರ್ಶಿಸಿದ ಮೇಲೆ ನಮ್ಮ ಶಾಲೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ತಪ್ಪಾದೀತು. ನಮ್ಮ ದೀಪಾವಳಿ ಕಾರ್ಯಕ್ರಮಕ್ಕೆ ಮೊದಲೆಲ್ಲ ಮಕ್ಕಳೇ ಬಣ್ಣದ ಕಾಗದ ಕತ್ತರಿಸಿ ತೋರಣ ಕಟ್ಟುತ್ತಿದ್ದರು, ಸೀಮೆಸುಣ್ಣದಲ್ಲಿ ರಂಗೋಲಿ ಬಿಡಿಸುತ್ತಿದ್ದರು. ಅಂಟು ಹೆಚ್ಚು, ಅಂದ ಕಡಿಮೆ. ಒಂದು ವರ್ಷ ಈ ಗೋಜೇ ಬೇಡವೆಂದು ಎಲ್ಲ ಸೇರಿ ಬಾಡಿಗೆಗೆ ಸಿದ್ಧ ವೇದಿಕೆ ತರಿಸಿದೆವು. ಹಿಂದೆ ದೊಡ್ಡ ಅರಮನೆಯ ಚಿತ್ರ, ಸುತ್ತ ಮಿನುಗುವ ದೀಪ. ಒಪ್ಪಿಗೆ ಕೊಟ್ಟವರಲ್ಲಿ ನಾವೂ ಒಬ್ಬರು. ಫೋಟೋಗಳು ಬಹಳ ಚೆನ್ನಾಗಿ ಬಂದವು. ಆದರೆ ಬೆಳಿಗ್ಗೆ ಎಂದಿನಂತೆ ಬೇಗ ಬಂದ ಎರಡನೇ ತರಗತಿಯ ಹುಡುಗ, ಕೈಯಲ್ಲಿ ಅಂಟಿನ ಬಾಟಲಿ ಹಿಡಿದು, "ಟೀಚರ್, ನಾನು ಎಲ್ಲಿ ಅಂಟಿಸಲಿ?" ಎಂದು ಕೇಳಿದ. ನಮ್ಮ ಬಳಿ ಉತ್ತರವಿರಲಿಲ್ಲ. ಅವನಿಗೆ ಅಂಟಿಸಲು ಒಂದು ಗೇಣು ಜಾಗವನ್ನೂ ನಾವು ಉಳಿಸಿರಲಿಲ್ಲ.

ಮರುವರ್ಷ ವೇದಿಕೆ ಬಾಡಿಗೆಯದೇ ಆಯಿತು, ಎರಡು ಪಕ್ಕದ ಗೋಡೆಗಳನ್ನು ಮಕ್ಕಳಿಗೆ ಬಿಟ್ಟೆವು. ಈಗಲೂ ಕೆಲವು ತಾಯಂದಿರು ಗೋಡೆಗಳು ಗಲೀಜಾಗಿ ಕಾಣುತ್ತವೆ ಎನ್ನುತ್ತಾರೆ. ಇರಬಹುದು. ಇಂಥ ವಿಷಯದಲ್ಲಿ ಎಲ್ಲರೂ ಒಪ್ಪುವ ಅಲಂಕಾರ ಇನ್ನೂ ಹುಟ್ಟಿಲ್ಲ.

ಹೊಸ ಅಲಂಕಾರ ಬಂದಾಗ ನಾವು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದು ಮೂಲವನ್ನು ಮುಚ್ಚುತ್ತದೆಯೋ, ಮೆರೆಸುತ್ತದೆಯೋ? ತನ್ನ ಕಾಲಕ್ಕೆ ಬಂದು ತನ್ನ ಕಾಲಕ್ಕೆ ಹೋಗುತ್ತದೆಯೋ? ಇದರಲ್ಲಿ ಯಾರದಾದರೂ ಕೈ, ಯಾರದಾದರೂ ನೆನಪು ಇದೆಯೋ? ಇವಕ್ಕೆ ಸಮಾಧಾನದ ಉತ್ತರ ಸಿಕ್ಕರೆ ಹೊಸದನ್ನು ಸ್ವಾಗತಿಸೋಣ. ಸಿಗದಿದ್ದರೆ ಮರ್ಯಾದೆಯಿಂದ ಹೇಳೋಣ. ಡಿಸ್ನಿಲ್ಯಾಂಡ್ ಎಂದಿಗೂ ಪೂರ್ತಿಯಾಗುವುದಿಲ್ಲ ಎಂದು ಅದನ್ನು ಕಟ್ಟಿದ ವಾಲ್ಟ್ ಡಿಸ್ನಿಯವರೇ ಹೇಳಿದ್ದರು. ಬದಲಾವಣೆ ಅದರ ಹುಟ್ಟುಗುಣ. ಅಭಿಮಾನಿಗಳ ಗೊಣಗಾಟವೂ ಅದರ ಜೊತೆಗೇ ಹುಟ್ಟಿದ್ದು ಎಂದುಕೊಳ್ಳೋಣ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮಗೆ ಹಳೆಯ ದೀಪ ಇಷ್ಟವಾದರೆ ಹೊಸದನ್ನು ಮೆಚ್ಚಿದ ಗೆಳೆಯನನ್ನು ಹೀಯಾಳಿಸಬೇಡಿ. ನೀವು ಅಪ್ಪನ ಹೆಗಲ ಮೇಲಿಂದ ನೋಡಿದ್ದನ್ನು ಅವನು ನೋಡಿಲ್ಲ. ಅವನ ತಂಗಿ ಮೊದಲ ಬಾರಿ ನೋಡುತ್ತಿರುವುದು ಹೊಸದನ್ನೇ. ಇನ್ನು ಹತ್ತು ವರ್ಷಕ್ಕೆ ಅವಳ ಪಾಲಿಗೆ ಅದೇ ಹಳೆಯ ದೀಪ.

ಪೋಷಕರಿಗೂ ಒಂದು ವಿನಂತಿ. ಮಗು ಒಂದು ಬಲ್ಬಿಗೆ, ಒಂದು ಬೆಕ್ಕಿನ ಬೊಂಬೆಗೆ ಅತ್ತರೆ ನಗಬೇಡಿ. ನಾವು ಊರಿಗೆ ಹೋದಾಗಲೆಲ್ಲ "ಜಾತ್ರೆ ಮೊದಲಿನ ಹಾಗಿಲ್ಲ" ಎಂದು ಎಷ್ಟು ಸಲ ನಿಟ್ಟುಸಿರು ಬಿಟ್ಟಿಲ್ಲ? ಆ ಮಗುವೂ ಅದನ್ನೇ ಹೇಳುತ್ತಿದೆ. ಅದಕ್ಕೂ ಒಂದು ಊರಾಯಿತು ಎಂದು ಅರ್ಥ. ಆ ಮಾತನ್ನು ಕನ್ನಡದಲ್ಲಿ ಹೇಳಲು ಅದಕ್ಕೆ ಸಹಾಯ ಮಾಡಿ. ಬದಲಿಗೆ ನಿಮ್ಮ ಜಾತ್ರೆಯ ಕಥೆ ಹೇಳಿ.

ನವರಾತ್ರಿಯಲ್ಲಿ ನಮ್ಮ ಅನೇಕ ಮನೆಗಳಲ್ಲಿ ಬೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು. ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟವು, ಬಣ್ಣ ಮಾಸಿದ್ದರೂ ಅವು ಅಲ್ಲಿಂದ ಕದಲುವುದಿಲ್ಲ. ಕೆಳಗಿನ ಮೆಟ್ಟಿಲಿಗೆ ಪ್ರತಿ ವರ್ಷ ಒಂದಾದರೂ ಹೊಸ ಬೊಂಬೆ ಬರಬೇಕು ಎಂಬುದು ರೂಢಿ. ನಮ್ಮ ಶಾಲೆಯ ಮನೆಯೊಂದರಲ್ಲಿ ಕಳೆದ ಸಲ ಕೆಳಗಿನ ಮೆಟ್ಟಿಲಲ್ಲಿ ಮಿಕ್ಕಿ ಇಲಿಯೂ ಕುಳಿತಿತ್ತು. ಅಜ್ಜಿಯೊಬ್ಬರು ಮೂಗು ಮುರಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಪಟ್ಟದ ಬೊಂಬೆಗಳು ಮಾತ್ರ ತಮ್ಮ ಜಾಗದಲ್ಲೇ ಇದ್ದವು.

ಆ ಪ್ರಬಂಧ ಬರೆದ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಕಳೆದ ದೀಪಾವಳಿಗೆ ಗೋಡೆ ಅಲಂಕರಿಸಲು ಚಿಕ್ಕವರಿಗೆ ಸಹಾಯ ಮಾಡಲು ಬಂದಿದ್ದಳು. ಬಂದವಳೇ ಕೇಳಿದ ಮೊದಲ ಪ್ರಶ್ನೆ: "ಟೀಚರ್, ಹೋದ ವರ್ಷದ ತೋರಣ ಎಲ್ಲಿಟ್ಟಿದ್ದೀರಿ?" ಅದೃಷ್ಟಕ್ಕೆ ನಾವು ಅದನ್ನು ಬಿಸಾಡಿರಲಿಲ್ಲ.

— ಕನ್ನಡ ವಿಭಾಗದ ಶಿಕ್ಷಕಿ, ಬಿ.ಎ., ಬಿ.ಎಡ್.